ಕೊನೆಯ ಹಾಡಿನ ಟೇಕ್

ಟ್ರಂಪೆಟ್, ಸ್ಯಾಕ್ಸೊಫೋನ್‌ಗಳ ದೊಡ್ಡ ಬ್ಯಾಂಡಿಗೆ ಕನ್ನಡ ಹಾಡುಗಳನ್ನು ಕುಣಿಸುವಂಥ ಜಾಝ್ ಸಂಗೀತದ ಸ್ವಿಂಗ್ ಶೈಲಿಯಲ್ಲಿ ಹೊಂದಿಸಿದವನು ಪ್ರಭಂಜನ. ಹಾಡುವವಳು ಮೇದಿನಿ. ಅಂದು ಕೊನೆಯ ಹಾಡಿನ ರೆಕಾರ್ಡಿಂಗ್. ಅದು ಮುಗಿದರೆ ಅವಳು ಮೈಸೂರಿಗೆ ವಾಪಸು ಹೋಗುವವಳಿದ್ದಳು. ಅದನ್ನು ನೆನೆದರೆ ಪ್ರಭಂಜನನಿಗೆ ಸಂಕಟವಾಗುತ್ತಿತ್ತು, ಆದರೆ ಯಾರಿಗೂ ಹೇಳಿರಲಿಲ್ಲ.

ವಾದ್ಯಗಳು ಶುರುವಾದರೆ ಸ್ಟುಡಿಯೋದಲ್ಲಿ ಯಾರ ಕಾಲೂ ಸುಮ್ಮನಿರುತ್ತಿರಲಿಲ್ಲ. ಪ್ರಭಂಜನನಂತೂ ಕೈ ಬೀಸಿ ತಾಳ ಕೊಡುತ್ತ ಕುಣಿದೇಬಿಡುತ್ತಿದ್ದ. ಆದರೆ ಎರಡನೇ ಚರಣ ಬಂದಾಗಲೆಲ್ಲ ಮೇದಿನಿ ಅವನನ್ನೇ ನೋಡುತ್ತ ಹಾಡುವುದನ್ನು ಮರೆಯುತ್ತಿದ್ದಳು. ಬ್ಯಾಂಡ್ ನಗುತ್ತ ಮತ್ತೆ ನಿಂತಿತು.

"ಮಿಕ್ಕ ಹಾಡೆಲ್ಲ ಒಂದೇ ಟೇಕಿಗೆ ಮುಗಿಸಿದ್ರಿ," ಎಂದ ಅವನು. "ಇದಕ್ಕೆ ಯಾಕೆ ಇಷ್ಟು ತಡ ಮಾಡ್ತಿದ್ದೀರಿ?"

"ತಡ ಮಾಡ್ತಿರೋದು ನೀವು," ಎಂದಳು ಮೇದಿನಿ.

"ನಾನಾ? ನನ್ನ ತಾಳ ಸರಿಯಾಗೇ ಇದೆಯಲ್ಲ."

"ತಾಳ ಸರಿಯಾಗಿದೆ."

ಪ್ರಭಂಜನನಿಗೆ ಏನೂ ತಿಳಿಯಲಿಲ್ಲ. "ಸರಿ, ಇನ್ನೊಂದ್ಸಲ ಹಾಡಿ. ಕೇಳ್ತೀನಿ."

ಮೇದಿನಿ ಮೈಕಿನ ಹತ್ತಿರ ಬಂದು, ಇಡೀ ಬ್ಯಾಂಡಿಗೆ ಕೇಳಿಸುವಂತೆ ಹೇಳಿದಳು:

"ಇಷ್ಟು ದಿನ ಹಾಡು ಕೇಳಿದ್ದಾಯ್ತು. ಈಗಲಾದ್ರೂ ನನ್ನನ್ನ ಕೇಳಿ, ಒಪ್ಕೋತೀನಿ."