ಕಪ್ಪು ಗಾಜಿನ ಕಾರು

ಹಾರನ್ ಕೇಳಿದ್ದೇ ತಡ, ಆಫೀಸಿನ ಮುಂದಿನ ಮೆಟ್ಟಿಲು ಒರೆಸುತ್ತಿದ್ದ ಹೆಂಡತಿ ಬೆಚ್ಚಿಬಿದ್ದು ಬಕೆಟ್ಟನ್ನು ಗೋಡೆಯತ್ತ ಎಳೆದುಕೊಂಡಳು. ಕಾರಿನ ಕಪ್ಪು ಗಾಜಿನ ಹಿಂದೆ ಕೂತಿದ್ದ ಗಂಡ ಕಿಸಕ್ಕನೆ ನಕ್ಕ.

ಜೀವನವಿಡೀ ಬೇರೆಯವರ ಕಾರುಗಳಿಗೆ ಸೀಟು ಹೊಲಿದುಕೊಟ್ಟವನು ಅವನು. ಯಾವುದೋ ಸಾಹುಕಾರರು ಕಾಲು ಚಾಚಿ ಕೂತು ಓಡಾಡಿದ ಹಡಗಿನಂಥ ಈ ಹಳೇ ಕಾರು ಬೈಕಿನ ಬೆಲೆಗೆ ಸಿಕ್ಕಾಗ ತಡೆದುಕೊಳ್ಳಲಾಗಲಿಲ್ಲ. ಹೆಂಡತಿಗೆ ಹೇಳದೆ ಕೊಂಡು, ಅವಳ ಜೊತೆಯವರೆಲ್ಲ ನೋಡುವಂತೆ ಕೂರಿಸಿಕೊಂಡು ಹೋಗೋಣವೆಂದು ನೇರ ಇಲ್ಲಿಗೇ ತಂದಿದ್ದ. ತಮಾಷೆಗೆ ಇನ್ನೊಮ್ಮೆ ಹಾರನ್ ಒತ್ತಿದ.

ಅವಳು ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಕಣ್ಣೆತ್ತಿಯೂ ನೋಡದೆ ತಲೆ ತಗ್ಗಿಸಿ ನಿಂತಳು. "ತಪ್ಪಾಯ್ತು ಸಾರ್. ಈಗಲೇ ಒಣಗಿಸಿಬಿಡ್ತೀನಿ. ಸ್ವಲ್ಪ ನೋಡ್ಕೊಂಡು ಇಳೀರಿ, ಜಾರುತ್ತೆ."

ಮನೆಯಲ್ಲಿ ಅವನನ್ನೇ ಗದರಿಸಿ ಕೂರಿಸುವವಳು. ಅವಳಿಗೆ ಇಂಥದೊಂದು ದನಿಯೂ ಇದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ. ಹಾರನ್ ಮೇಲಿಂದ ಕೈ ತೆಗೆದ. ಮೆಲ್ಲಗೆ ಬಾಗಿಲು ತೆರೆದು ಇಳಿದ.

"ಅಯ್ಯೋ, ನೀವಾ? ಯಾರೋ ದೊಡ್ಡವರು ಬಂದ್ರು ಅಂದ್ಕೊಂಡೆ," ಎಂದು ಅವಳು ಉಸಿರು ಬಿಟ್ಟಳು. ಆಮೇಲೆ ಹೊಳೆಯುವ ಬಾನೆಟ್ಟನ್ನು ಮುಟ್ಟಲೋ ಬೇಡವೋ ಎಂಬಂತೆ ನೋಡುತ್ತ, "ಯಾರದ್ದು ಇದು?" ಎಂದಳು.

ಅವನಿಗೆ ಅವಳ ಮುಖ ನೋಡಲಾಗಲಿಲ್ಲ.

"ಗಿರಾಕಿಯದು," ಎಂದ. "ಸೀಟು ಹೊಲಿಯೋಕೆ ಬಂದಿದೆ."