ಖರೇ ಸಾಕ್ಷಿ

"ಎಲೀಷಪ್ಪನವರ, ಮುಂದ ಬರ್ರಿ, ಸಾಕ್ಷಿ ಹೇಳ್ರಿ," ಎಂದು ಖಾನಾಪುರದ ಚರ್ಚಿನಲ್ಲಿ ಪಾಸ್ಟರ್ ಕರೆದಾಗ ಮಾರ್ಥವ್ವ ಸೆರಗು ಮುಂದೆಳೆದುಕೊಂಡಳು. ದೇವರು ಮಾಡಿದ ಉಪಕಾರವನ್ನು ಸಭೆಯೆದುರು ಹೇಳುವುದಕ್ಕೆ ಅಲ್ಲಿ ಸಾಕ್ಷಿ ಎನ್ನುತ್ತಾರೆ. ಆದರೆ ಅವಳ ಗಂಡ ಎಲೀಷಪ್ಪ ಇಪ್ಪತ್ತು ವರ್ಷ ಬೆಳಗಾವಿಯ ಕೋರ್ಟಿನಲ್ಲಿ ದುಡ್ಡಿಗಾಗಿ ಹೇಳಿದ್ದು ಬರೀ ಸುಳ್ಳು ಸಾಕ್ಷಿ. ಗಂಡನ ಕೆಲಸವೇನೆಂದು ಯಾರಾದರೂ ಕೇಳಿದರೆ ಅವಳು ಸೆರಗು ಮುಂದೆಳೆದುಕೊಂಡು ಮಾತು ಮರೆಸುತ್ತಿದ್ದಳು.

ಎಲೀಷಪ್ಪ ಮುಂದೆ ಹೋಗಿ ನಿಂತ. ರೂಢಿಯಂತೆ ಬಲಗೈ ಪ್ರಮಾಣಕ್ಕೆ ಮೇಲೆದ್ದಿತು. ನಾಚಿ ಅದನ್ನು ಇಳಿಸಿ ಕೈಜೋಡಿಸಿದ.

"ಸಾಕ್ಷಿ ಹೇಳೂದು ನನಗೇನ ಹೊಸದಲ್ರಿ. ಈ ಕೈ ಎತ್ತಿ, ದೇವರಾಣಿ ಮಾಡಿ ಬರೇ ಸುಳ್ಳ ಹೇಳೇನಿ. ಎರಡನೇ ಬೆಂಚಿನ್ಯಾಗ ಕುಂತಾರಲ್ಲ, ದೇಸೂರ ಸಮುವೇಲಣ್ಣ, ಅವರ ಹೊಲ ಹೋಗಿದ್ದು ನನ್ನ ಮಾತಿನಿಂದ. ದೇವರು ನನ್ನ ಕ್ಷಮಿಸ್ಯಾನ. ನಾಳಿ ಅದೇ ಕೋರ್ಟಿಗೆ ಹೋಗಿ ಖರೇ ಹೇಳ್ತೇನಿ. ಜೇಲಾದ್ರೂ ಆಗ್ಲಿ."

ಸಮುವೇಲಣ್ಣ ಮೆಲ್ಲಗೆ ಎದ್ದು ನಿಂತು "ಆಮೆನ್" ಎಂದ. ಪಕ್ಕದಲ್ಲಿ ಕುಳಿತಿದ್ದ ಪರವೂರಿನ ಹೆಂಗಸು ಎಲೀಷಪ್ಪನತ್ತ ಕೈಮಾಡಿ ಮಾರ್ಥವ್ವನ ಕಿವಿಯಲ್ಲಿ ಕೇಳಿದಳು: "ಯಾರ್ರಿ ಅವ್ರು?"

ಮಾರ್ಥವ್ವ ಸೆರಗು ಹಿಂದೆ ಸರಿಸಿ, ಇಡೀ ಸಭೆಗೆ ಕೇಳುವಂತೆ ಹೇಳಿದಳು:

"ನಮ್ಮ ಮನಿಯವರು ರೀ!"