ಅಜ್ಜಿಯ ಹೆಬ್ಬೆರಳು

"ಹೆಬ್ಬೆರಳು ತಪ್ಪಾಗಿದೆ ಕೊರಿನ್. ಮನುಷ್ಯರ ಬೆರಳು ಹೀಗೆ ಹೊರಕ್ಕೆ ಬಾಗಲ್ಲ," ಎಂದು ಪ್ರೊಫೆಸರ್ ಹ್ಯಾಸ್ಕೆಲ್ ಎಲ್ಲರೆದುರೇ ಅವಳು ಬರೆದ ಕೈಯ ಇದ್ದಿಲಿನ ಚಿತ್ರವನ್ನು ತೋರಿಸಿ ಹೇಳಿದರು. ಕಲಾ ಕಾಲೇಜಿನ ಕೊನೆಯ ಪರೀಕ್ಷೆ ಅದು. ಇದರಲ್ಲಿ ಫೇಲಾದರೆ ಪದವಿಯಿಲ್ಲ. ಕೊರಿನ್‌ಗೆ ಉತ್ತರ ಗೊತ್ತಿತ್ತು. ಹೇಳಿದರೆ, ಪರೀಕ್ಷೆ ನೋಡಲು ಬಂದು ಹಿಂದೆ ಕೂತಿದ್ದ ಅಜ್ಜಿಗೆ ನಾಚಿಕೆಯಾದೀತೆಂದು ತುಟಿ ಬಿಗಿಹಿಡಿದು ನಿಂತಳು.

ಅಜ್ಜಿ ಥೆಲ್ಮಾ ತಾನೇ ಎದ್ದು ಬಂದು ಚಿತ್ರದ ಪಕ್ಕಕ್ಕೆ ಬಲಗೈ ಚಾಚಿದಳು. "ಮಗು ಸರಿಯಾಗೇ ಬರ್ದಿದೆ ಕಣಪ್ಪಾ. ಸೊಟ್ಟಗಿರೋಳು ನಾನು. ಮೂವತ್ತು ವರ್ಷ ಕಾರ್ಖಾನೇಲಿ ಮೀನು ಕತ್ತರಿಸೋ ಕತ್ತರಿ ಹಿಡಿದ ಕೈ ಇದು."

ಹ್ಯಾಸ್ಕೆಲ್ ಆ ಕೈ ಹಿಡಿದು ಬಹಳ ಹೊತ್ತು ನೋಡಿದರು. "ಹಳೇ ಚಿತ್ರಗಳಲ್ಲಿರೋ ಕೈಗಳನ್ನೆಲ್ಲ ಪಾಠ ಮಾಡ್ದೆ. ನಿನ್ನಷ್ಟು ಚೆನ್ನಾಗಿ ನಾನು ಒಂದು ಕೈಯನ್ನೂ ಗಮನಿಸಿ ನೋಡಿರ್ಲಿಲ್ಲ, ಕೊರಿನ್. ನೀನು ಪಾಸು." ಆಮೇಲೆ ಥೆಲ್ಮಾಳತ್ತ ತಿರುಗಿ, "ನಾಳೆ ನಮ್ಮ ಕ್ಲಾಸಿಗೆ ಮಾಡೆಲ್ ಆಗಿ ಬರ್ತೀರಾ, ಅಮ್ಮಾ?" ಎಂದರು.

"ಬರ್ತೀನಿ," ಎಂದಳು ಅಜ್ಜಿ, "ಬಟ್ಟೆ ಮಾತ್ರ ಬಿಚ್ಚಲ್ಲ, ನೋಡಿ!"